ರೋಗವನ್ನು ಮುಚ್ಚಿಡುವುದು ಲಜ್ಜೆಯಲ್ಲ

ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಒಬ್ಬ ಹಿರಿಯರಿದ್ದರು. ಬಾಂಗ್ ಮೊಳಗುವ ಮುನ್ನವೇ ಬಂದು ಇಮಾಮರ ಹಿಂದೆ ಮೊದಲ ಸಾಲಿನಲ್ಲಿ ಕುಳಿತಿರುವುದು ಅವರ ರೂಢಿ. ಒಂದು ವರ್ಷ ಅವರು ಕೊನೆಯ ಸಾಲಿಗೆ, ಬಾಗಿಲ ಪಕ್ಕಕ್ಕೆ ಸರಿದರು. ಬಳಿಕ ಜುಮುಅಕ್ಕೆ ಮಾತ್ರ ಬರತೊಡಗಿದರು. ಕೊನೆಗೆ ಅದೂ ನಿಂತುಹೋಯಿತು. ಮಸೀದಿಯ ಕಮಿಟಿಯವರೊಂದಿಗೆ ಮನಸ್ತಾಪವಾಗಿದೆಯೆಂದು ಕೆಲವರು ಹೇಳಿದರು. ವಯಸ್ಸಾದಂತೆ ಉದಾಸೀನ ಹೆಚ್ಚಾಯಿತೆಂದು ಇನ್ನು ಕೆಲವರು ಹೇಳಿದರು. ಹೋಗಿ ವಿಚಾರಿಸಬೇಕೆಂದು ನನಗೂ ತೋಚಲಿಲ್ಲ.

ಒಂದು ರಾತ್ರಿ ಅವರ ಮಗ ನನ್ನ ಮನೆಯ ಬಾಗಿಲು ತಟ್ಟಿದ. ಹೋಗಿ ನೋಡಿದರೆ ಹಿರಿಯರು ಹೊಟ್ಟೆ ಹಿಡಿದು ಹೊರಳಾಡುತ್ತಿದ್ದರು. ಮೂತ್ರ ಸಂಪೂರ್ಣವಾಗಿ ಕಟ್ಟಿಹೋಗಿತ್ತು. ಆಸ್ಪತ್ರೆಗೆ ಒಯ್ದೆವು. ವೈದ್ಯರು ನಳಿಗೆ ಹಾಕಿ ಮೂತ್ರ ತೆಗೆದ ಬಳಿಕವೇ ಅವರಿಗೆ ಉಸಿರು ಬಂದಂತಾಯಿತು. ಆಗ ಅವರು ನನ್ನ ಕೈ ಹಿಡಿದು ಹೇಳಿದರು: "ಮೌಲವಿಯವರೇ, ನಾಲ್ಕು ವರ್ಷಗಳಿಂದ ಬಟ್ಟೆಗೆ ಹನಿ ಬೀಳುತ್ತಿತ್ತು. ನನ್ನ ವುಝೂ ನಿಲ್ಲುತ್ತಿರಲಿಲ್ಲ. ಅಶುದ್ಧನಾಗಿ ಅಲ್ಲಾಹನ ಮನೆಗೆ ಹೇಗೆ ಬರಲಿ? ಇದನ್ನು ಯಾರಲ್ಲಿ ಹೇಳಲಿ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಆ ಮಾತಿನಲ್ಲಿ ನನ್ನದೇ ಪಾಠದ ಧ್ವನಿಯಿತ್ತು. ಮೂತ್ರದಿಂದ ಶುಚಿಯಾಗಿರಲು ಜಾಗ್ರತೆ ವಹಿಸದವನು ಗೋರಿಯಲ್ಲಿ ಶಿಕ್ಷೆಗೊಳಗಾಗುವನೆಂಬ ಹದೀಸಿನ ಪಾಠವನ್ನು ನಾನು ಎಷ್ಟೋ ಬಾರಿ ಮಾಡಿದ್ದೆ. ಅದು ಸತ್ಯವಾದ ಪಾಠ. ಆದರೆ ಜಾಗ್ರತೆ ವಹಿಸಬಲ್ಲವನು ವಹಿಸದಿದ್ದರೆ ಎಂಬುದು ಅದರ ತಾತ್ಪರ್ಯ. ರೋಗದಿಂದ ಅಸಹಾಯಕನಾದವನಿಗೆ ಶರೀಅತ್ ನೀಡಿದ ರಿಯಾಯಿತಿಯನ್ನು ನಾನು ಒಮ್ಮೆಯೂ ಹೇಳಿರಲಿಲ್ಲ. ಅರ್ಧ ಪಾಠ ಹೇಳಿದ್ದೆ. ಆ ಅರ್ಧ ಪಾಠವೇ ಒಬ್ಬ ನಮಾಝಿಯನ್ನು ಮಸೀದಿಯಿಂದ ದೂರ ಮಾಡಿತ್ತು. ಉಳಿದರ್ಧವನ್ನು ಇಲ್ಲಿ ಹೇಳುವುದು ನನ್ನ ಮೇಲಿರುವ ಋಣ.

ಮಾನ್ಯ ಓದುಗರೇ, ಲಜ್ಜೆಯು ಈಮಾನಿನ ಒಂದು ಶಾಖೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಲಜ್ಜೆಯು ಮನುಷ್ಯನನ್ನು ಪಾಪದಿಂದ ತಡೆಯಬೇಕೇ ಹೊರತು ಪ್ರಶ್ನೆಯಿಂದಲೂ ಚಿಕಿತ್ಸೆಯಿಂದಲೂ ಅಲ್ಲ. ಸಹಾಬಿಗಳ ಬದುಕನ್ನು ನೋಡಿರಿ. ಹಝ್ರತ್ ಅಲಿ(ರ)ಯವರಿಗೆ ತಮ್ಮ ದೇಹಸ್ಥಿತಿಯ ಬಗ್ಗೆ ಒಂದು ವಿಷಯ ಕೇಳಬೇಕಿತ್ತು. ಪ್ರವಾದಿವರ್ಯರ(ಸ) ಅಳಿಯನಾದ ತಾನು ಅದನ್ನು ಕೇಳುವುದು ಹೇಗೆಂದು ಅವರಿಗೆ ಸಂಕೋಚವಾಯಿತು. ಹಾಗೆಂದು ಅವರು ಸುಮ್ಮನಾಗಲಿಲ್ಲ. ಮಿಕ್ದಾದ್(ರ)ರನ್ನು ಕಳುಹಿಸಿ ಕೇಳಿಸಿದರು. ಸಂಕೋಚವೂ ಉಳಿಯಿತು, ಉತ್ತರವೂ ದೊರೆಯಿತು. ರಕ್ತಸ್ರಾವ ನಿಲ್ಲದೆ ಕಂಗೆಟ್ಟಿದ್ದ ಫಾತಿಮಾ ಬಿಂತ್ ಅಬೀ ಹುಬೈಶ್(ರ) ಸ್ವತಃ ಬಂದು, ತಾನು ನಮಾಝ್ ಬಿಡಬೇಕೇ ಎಂದು ಕೇಳಿದರು. ಬಿಡಬಾರದೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಮೂಲವ್ಯಾಧಿಯಿದ್ದ ಇಮ್ರಾನ್ ಬಿನ್ ಹುಸೈನ್(ರ) ನಮಾಝಿನ ಕುರಿತು ವಿಚಾರಿಸಿದರು. ನಿಲ್ಲಲಾಗದವನು ಕುಳಿತು, ಕುಳಿತುಕೊಳ್ಳಲಾಗದವನು ಮಲಗಿ ನಮಾಝ್ ಮಾಡಬಹುದೆಂಬ ವಿಧಿ ಆ ಪ್ರಶ್ನೆಗೆ ಬಂದ ಉತ್ತರದಲ್ಲಿದೆ. ಅವರು ರೋಗವನ್ನು ಮುಚ್ಚಿಟ್ಟು ಮನೆಯಲ್ಲಿ ಕುಳಿತಿದ್ದರೆ ಇಂದಿನ ರೋಗಿಗಳ ಗತಿಯೇನು?

ಮೂತ್ರ ನಿಲ್ಲದೆ ಹನಿಯುವ ರೋಗಿಗೂ ಫಿಕ್‌ಹ್ ಗ್ರಂಥಗಳಲ್ಲಿ ಸ್ಪಷ್ಟ ದಾರಿಯಿದೆ. ನಮಾಝಿನ ವೇಳೆಯಾದ ಬಳಿಕ ಶುಚಿಗೊಳಿಸಿಕೊಂಡು, ಹನಿ ಹರಡದಂತೆ ಬಟ್ಟೆ ಕಟ್ಟಿ, ಹೊಸದಾಗಿ ವುಝೂ ಮಾಡಿ ಆತ ನಮಾಝ್ ನಿರ್ವಹಿಸಬೇಕು. ನಡುವೆ ಹನಿ ಬಿದ್ದರೂ ಆತನ ನಮಾಝಿಗೆ ಬಾಧಕವಿಲ್ಲ. ನಳಿಗೆ ಹಾಕಿಸಿಕೊಂಡವರೂ ನಮಾಝ್ ಬಿಡಬೇಕಿಲ್ಲ. ಸೂಕ್ಷ್ಮ ವಿವರಗಳನ್ನು ತಮ್ಮ ಮದ್‌ಹಬಿನ ಉಲಮಾರಲ್ಲಿ ಕೇಳಿ ತಿಳಿಯಿರಿ. ಬರೇ ಸಂಶಯದಿಂದ ಅರ್ಧ ಗಂಟೆ ಶೌಚಾಲಯದಲ್ಲಿ ಕಳೆಯುವುದು ಬೇರೆ ವಿಷಯ. ಅದು ವಸ್‌ವಾಸ್. ಅದನ್ನು ಕಡೆಗಣಿಸಬೇಕು.

ರಿಯಾಯಿತಿ ಇದೆಯೆಂದು ಚಿಕಿತ್ಸೆಯನ್ನು ಕೈಬಿಡಬಾರದು. ಔಷಧ ಮಾಡಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮುಸ್ಲಿಮ್ ಜಗತ್ತಿನ ಮಹಾನ್ ವೈದ್ಯ ರಾಝಿ, ಮೂತ್ರಪಿಂಡ ಹಾಗೂ ಮೂತ್ರಕೋಶದ ಕಲ್ಲುಗಳ ಬಗ್ಗೆಯೇ ಒಂದು ಗ್ರಂಥ ಬರೆದರು. ಸ್ಪೇನಿನ ಝಹ್ರಾವಿ (ಮರಣ 1013) ಮೂತ್ರಕೋಶದ ಕಲ್ಲು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವಿವರಿಸಿದರು. ಅವರಿಗೆ ಇದು ನಾಚಿಕೆಯ ವಿಷಯವಾಗಿರಲಿಲ್ಲ.

ಆ ಹಿರಿಯರಿಗಿದ್ದುದು ಬಹಳ ಸಾಮಾನ್ಯವಾದ ತೊಂದರೆ. ಪುರುಷರಲ್ಲಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡು ಅಡಿಕೆಯಷ್ಟೇ ಗಾತ್ರದ ಪ್ರಾಸ್ಟೇಟ್ ಗ್ರಂಥಿಯಿದೆ. ಐವತ್ತು ದಾಟಿದವರಲ್ಲಿ ಅದು ದಪ್ಪಗಾಗಿ ನಾಳವನ್ನು ಒತ್ತುವುದುಂಟು. ರಾತ್ರಿ ಪದೇ ಪದೇ ಏಳುವುದು, ಮೂತ್ರ ಆರಂಭವಾಗಲು ಕಾಯಬೇಕಾಗುವುದು, ಧಾರೆ ಸಣ್ಣದಾಗುವುದು, ಮುಗಿದ ಮೇಲೂ ಹನಿಯುವುದು, ಪೂರ್ತಿ ಖಾಲಿಯಾಗಲಿಲ್ಲವೆನಿಸುವುದು ಇದರ ಲಕ್ಷಣಗಳು. ಇದು ಕ್ಯಾನ್ಸರ್ ಅಲ್ಲ. ಆದರೆ ಅದೇ ಗ್ರಂಥಿಗೆ ಕ್ಯಾನ್ಸರ್ ಕೂಡ ಬರಬಹುದಾದ್ದರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಹಳ ಮಂದಿಗೆ ಮಾತ್ರೆಯಿಂದಲೇ ಆರಾಮವಾಗುತ್ತದೆ. ಉಳಿದವರಿಗೆ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಮಾಡುವ ಶಸ್ತ್ರಚಿಕಿತ್ಸೆಯಿದೆ. ಉದಾಸೀನ ಮಾಡಿದರೆ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡಗಳೇ ಕೆಡುತ್ತವೆ. ಇಂತಹವರು ಶೀತ ನೆಗಡಿಗೆ ಅಂಗಡಿಯಿಂದ ಕಂಡ ಕಂಡ ಮಾತ್ರೆ ತಂದು ನುಂಗಬಾರದು. ಅವುಗಳಲ್ಲಿ ಕೆಲವು ಮೂತ್ರವನ್ನು ಕಟ್ಟಿಸಿಬಿಡುತ್ತವೆ. ಇನ್ನು, ರಾತ್ರಿ ಹಲವು ಬಾರಿ ಏಳುವವರೆಲ್ಲರಿಗೂ ಇದೇ ಕಾರಣವೆಂದಲ್ಲ. ಸಕ್ಕರೆ ಕಾಯಿಲೆಯೂ ಇರಬಹುದು.

ಎರಡನೆಯದು ಕಲ್ಲು. ಸೆಖೆಯಲ್ಲಿ ಬೆವರಿ ದುಡಿದು ನೀರು ಕಡಿಮೆ ಕುಡಿಯುವವರಿಗೆ ಇದು ಹೆಚ್ಚು. ಗಲ್ಫ್ ದೇಶಗಳಲ್ಲಿ ಬಿಸಿಲಲ್ಲಿ ಕೆಲಸ ಮಾಡುವ ನಮ್ಮ ಕರಾವಳಿಯ ಸಹೋದರರು ಇದನ್ನು ನೆನಪಿಡಬೇಕು. ಪಕ್ಕೆಯಿಂದ ಹೊರಟು ತೊಡೆಸಂದಿಯತ್ತ ಇಳಿಯುವ ತಡೆಯಲಾರದ ನೋವು ಇದರ ಗುರುತು. ಸಣ್ಣ ಕಲ್ಲುಗಳು ಹೆಚ್ಚಾಗಿ ತಾವೇ ಇಳಿದು ಹೋಗುತ್ತವೆ. ದೊಡ್ಡವು ಹೋಗುವುದಿಲ್ಲ. ಮೂತ್ರವು ತಿಳಿಯಾಗಿರುವಷ್ಟು ನೀರು ಕುಡಿಯುವುದು ಸುಲಭವಾದ ಮುನ್ನೆಚ್ಚರಿಕೆ. ರಮಝಾನಿನಲ್ಲಿ ಇಫ್ತಾರಿನಿಂದ ಸಹರಿಯ ತನಕ ಆ ನೀರನ್ನು ಹಂಚಿ ಕುಡಿಯಿರಿ. ಹಿಂದೆ ಕಲ್ಲು ಬಂದವರು ಉಪವಾಸಕ್ಕೆ ಮುಂಚೆ ವೈದ್ಯರನ್ನು ಕೇಳಲಿ. ರೋಗಿಗೆ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ಅನುಮತಿಯನ್ನು ಅಲ್ಲಾಹನೇ ನೀಡಿದ್ದಾನೆ.

ಸಹೋದರಿಯರ ಸಂಕಟ ಇನ್ನೂ ಮೂಕವಾದುದು. ಮದುವೆಯ ಮನೆಯಲ್ಲಿ, ಬಸ್ ಪ್ರಯಾಣದಲ್ಲಿ ಶೌಚಾಲಯವಿಲ್ಲದೆ ಗಂಟೆಗಟ್ಟಲೆ ತಡೆದಿಡುತ್ತಾರೆ. ಅದಕ್ಕೆ ಹೆದರಿ ನೀರನ್ನೇ ಕುಡಿಯುವುದಿಲ್ಲ. ಸ್ತ್ರೀಯರ ಮೂತ್ರನಾಳ ಚಿಕ್ಕದಾದ್ದರಿಂದ ಸೋಂಕು ಬೇಗ ತಗಲುತ್ತದೆ. ಉರಿ, ಪದೇ ಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆಯ ನೋವು ಅದರ ಲಕ್ಷಣಗಳು. ಗರ್ಭಿಣಿಯರಲ್ಲಿ ಈ ಸೋಂಕನ್ನು ಎಂದೂ ಹಗುರವಾಗಿ ಕಾಣಬಾರದು. ಹೆರಿಗೆಯ ಬಳಿಕ ಕೆಮ್ಮಿದರೆ, ನಕ್ಕರೆ ಮೂತ್ರ ಜಾರುವುದು ಹೆಣ್ಣಿನ ಹಣೆಬರಹವಲ್ಲ. ಅದಕ್ಕೆ ವ್ಯಾಯಾಮವಿದೆ, ಚಿಕಿತ್ಸೆಯಿದೆ. ಗಂಡಂದಿರೇ, ನೀವೇ ವಿಚಾರಿಸಿರಿ, ನೀವೇ ಕರೆದೊಯ್ಯಿರಿ. ಸಾಧ್ಯವಾದಲ್ಲಿ ವೈದ್ಯೆಯ ಬಳಿಗೆ, ಇಲ್ಲವಾದಲ್ಲಿ ನೀವು ಜೊತೆಗಿದ್ದು ವೈದ್ಯರ ಬಳಿಗೆ. ಅಗತ್ಯವಿರುವಷ್ಟೇ ಔರತ್ ತೋರಿಸಲು ಚಿಕಿತ್ಸೆಗಾಗಿ ಅನುಮತಿಯಿದೆ.

ಮಕ್ಕಳ ವಿಷಯದಲ್ಲಿ ನಾವು ಅಧ್ಯಾಪಕರೂ ತಪ್ಪುಗಾರರು. ಪಾಠದ ನಡುವೆ ಕಿರುಬೆರಳು ತೋರಿಸಿದ ಮಗುವನ್ನು ಗದರಿ ಕುಳ್ಳಿರಿಸುತ್ತೇವೆ. ಮಸೀದಿಯಲ್ಲೇ ಮೂತ್ರ ಮಾಡತೊಡಗಿದ ಹಳ್ಳಿಗನನ್ನು ಸಹಾಬಿಗಳು ತಡೆಯಹೋದಾಗ, ನಡುವೆ ತಡೆಯಬೇಡಿರೆಂದ ಪ್ರವಾದಿಯ(ಸ) ಅನುಯಾಯಿಗಳು ನಾವು! ಅವರು ಒಂದು ಬಕೆಟ್ ನೀರು ಸುರಿಸಿದರು, ಅಷ್ಟೇ. ಹಾಸಿಗೆ ಒದ್ದೆ ಮಾಡುವ ಚಿಕ್ಕ ಮಗುವನ್ನು ಹೊಡೆಯಬೇಡಿ. ಅದು ಬೇಕೆಂದು ಮಾಡುವುದಲ್ಲ. ಗಂಡು ಮಗುವಿನ ಮೂತ್ರರಂಧ್ರವು ತುದಿಯಲ್ಲಿರದೆ ಕೆಳಬದಿಯಲ್ಲಿದ್ದರೆ ವೈದ್ಯರಿಗೆ ತೋರಿಸದೆ ಖತ್ನ ಮಾಡಿಸಬೇಡಿ. ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಚರ್ಮವೇ ಬೇಕಾಗಬಹುದು. ಆರು ತಿಂಗಳಾದರೂ ವೃಷಣ ಇಳಿಯದಿದ್ದರೂ ತೋರಿಸಬೇಕು.

ಈಗ ಹೇಳುವುದನ್ನು ಮನೆಯವರೆಲ್ಲರೂ ನೆನಪಿಡಿರಿ. ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ, ನೋವಿಲ್ಲದಿದ್ದರೂ, ತಾನಾಗಿ ನಿಂತರೂ ವೈದ್ಯರನ್ನು ಕಾಣಲೇಬೇಕು. ನೋವಿಲ್ಲದ ರಕ್ತವೇ ಕೆಲವೊಮ್ಮೆ ಕ್ಯಾನ್ಸರಿನ ಮೊದಲ ಸೂಚನೆ. ಮೂತ್ರ ಪೂರ್ಣವಾಗಿ ಕಟ್ಟಿದರೆ, ಚಳಿಜ್ವರದೊಂದಿಗೆ ಪಕ್ಕೆನೋವು ಬಂದರೆ ಬೆಳಗಾಗಲೆಂದು ಕಾಯಬಾರದು. ಹುಡುಗರಿಗೆ ವೃಷಣದಲ್ಲಿ ಹಠಾತ್ತನೆ ತೀವ್ರ ನೋವು ಬಂದರೆ ಅದು ತಿರುಚಿಕೊಂಡಿರಬಹುದು. ಸುಮಾರು 6 ಗಂಟೆಗಳೊಳಗೆ ಚಿಕಿತ್ಸೆಯಾಗದಿದ್ದರೆ ಅದನ್ನು ಉಳಿಸುವುದು ಕಷ್ಟ. ನಾಚಿ ರಾತ್ರಿಯಿಡೀ ಹಲ್ಲು ಕಚ್ಚಿ ಮಲಗುವ ಹುಡುಗ ಬೆಳಿಗ್ಗೆ ಅದನ್ನು ಕಳೆದುಕೊಂಡಿರುತ್ತಾನೆ. ತಂದೆಯಲ್ಲಿ ಹೇಳಬಹುದೆಂಬ ಧೈರ್ಯವನ್ನು ಮುಂಚೆಯೇ ಅವನಿಗೆ ಕೊಡಿರಿ.

ನಾಚಿಕೆಯು ರೋಗಿಯನ್ನು ತಜ್ಞರಿಂದ ದೂರವಿಟ್ಟು ಕಪಟಿಗಳ ಕೈಗೆ ಕೊಡುತ್ತದೆ. ಬಸ್ ನಿಲ್ದಾಣದ ಗೋಡೆಗಳಲ್ಲಿ 'ಗುಪ್ತರೋಗ' ಎಂದು ಬರೆಸಿ, ಲಾಡ್ಜಿನ ಕೋಣೆಯಲ್ಲಿ ಪುಡಿ ಮಾರುವವರ ವ್ಯಾಪಾರ ನಡೆಯುವುದೇ ನಮ್ಮ ಈ ಮೌನದಿಂದ.

ಆ ಹಿರಿಯರ ಕಥೆ ಏನಾಯಿತು? ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಒಂದು ಮೂತ್ರಪಿಂಡಕ್ಕಾದ ಹಾನಿ ಸರಿಹೋಗಲಿಲ್ಲ. ನಾಲ್ಕು ವರ್ಷಗಳ ಮೌನದ ಬೆಲೆಯದು. ಈಗ ಅವರು ಮತ್ತೆ ಮೊದಲ ಸಾಲಿನಲ್ಲಿದ್ದಾರೆ. ಒಂದು ಸಂಜೆ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು, "ಮೌಲವಿಯವರೇ, ಆ ಎರಡನೆಯ ಪಾಠವನ್ನೂ ಹೇಳಿಕೊಡಿ" ಎಂದು ನಕ್ಕರು. ಅಂದಿನಿಂದ ಪ್ರತಿವರ್ಷ ಹೇಳುತ್ತಿದ್ದೇನೆ.

ಸಹೋದರರೇ, ನಿಮ್ಮ ಮಸೀದಿಯಲ್ಲಿ ಯಾರಾದರೂ ಹಿಂದಿನ ಸಾಲಿಗೆ ಸರಿದಿದ್ದರೆ ಅವರ ಬಗ್ಗೆ ಮಾತಾಡಬೇಡಿ. ಅವರೊಂದಿಗೆ ಮಾತಾಡಿರಿ. ಅಲ್ಲಾಹನು ರೋಗಿಗಳಿಗೆ ಶಮನವನ್ನೂ ನಮಗೆ ಪೂರ್ಣ ಪಾಠ ಹೇಳುವ ಸನ್ಮತಿಯನ್ನೂ ದಯಪಾಲಿಸಲಿ. ಆಮೀನ್.