ಕೊನೆಯ ರಾತ್ರಿಗಳಿಗೆ ಎಷ್ಟು ಜನ ಬೇಕು?

ಮಲೆನಾಡಿನಲ್ಲಿ ಸಾವಿನ ಮನೆಗೆ ಜನ ಸೇರುವುದು ಉಸಿರು ನಿಂತ ಮೇಲೆ. ಸುದ್ದಿ ಮುಟ್ಟಿದರೆ ಸಾಕು. ಕಟ್ಟಿಗೆ ಒಟ್ಟುವವರು, ಪುರೋಹಿತರಿಗೆ ಫೋನು ಮಾಡುವವರು, ಪಕ್ಕದ ಮನೆಯಿಂದ ಕಾಫಿ ಕಾಸಿ ತರುವವರು ತಾವಾಗಿಯೇ ಬರುತ್ತಾರೆ. ಅಲ್ಲಿಂದ ವೈಕುಂಠ ಸಮಾರಾಧನೆಯ ಬಾಳೆಲೆಯ ಲೆಕ್ಕದವರೆಗೆ ಎಲ್ಲಕ್ಕೂ ಒಂದು ಕ್ರಮವಿದೆ. ಅದಕ್ಕೆ ಹಿಂದಿನ ಮೂರು ತಿಂಗಳಿಗೆ? ಸಾಗರದ ಕಡೆಯ ತೋಟದ ಮನೆಯಲ್ಲೋ ತೀರ್ಥಹಳ್ಳಿಯ ಒಂಟಿ ಮನೆಯಲ್ಲೋ ಹಾಸಿಗೆ ಹಿಡಿದವರ ಪಕ್ಕ ಇರುವುದು ಬಹಳ ಸಲ ಒಬ್ಬರೇ: ಹೆಂಡತಿ, ಇಲ್ಲವೇ ಸೊಸೆ, ಇಲ್ಲವೇ ಏಜೆನ್ಸಿಯವರು ಕಳಿಸಿದ ಹೋಂ ನರ್ಸ್. ಮಕ್ಕಳು ಬೆಂಗಳೂರಿನಿಂದ ವಿಡಿಯೊ ಕಾಲ್‌ನಲ್ಲಿ ಕಾಣಿಸುತ್ತಾರೆ.

ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ (1965) ನೆನಪಾಗುತ್ತದೆ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಇಡೀ ಅಗ್ರಹಾರ ಊಟ ಬಿಟ್ಟು ಕೂರುತ್ತದೆ. ಅವನು ಜ್ವರ ಬಂದು ಮಲಗಿದ್ದಾಗ ಬಳಿಯಲ್ಲಿದ್ದವಳು ಮಾತ್ರ ಚಂದ್ರಿ. ಆ ದಿನಗಳ ಬಗ್ಗೆ ಅಗ್ರಹಾರಕ್ಕೆ ಪ್ರಶ್ನೆಯೇ ಇಲ್ಲ.

ಅಮೆರಿಕ, ಬ್ರಿಟನ್ನಿನ ನಗರಗಳಲ್ಲಿ ಈ ತೆರವಿನೊಳಗೆ ‘ಡೆತ್ ಡೂಲಾ’ ಎಂಬ ವೃತ್ತಿ ಬೆಳೆದಿದೆ. ಆಕೆ ವೈದ್ಯೆಯಲ್ಲ, ನರ್ಸೂ ಅಲ್ಲ. ಸಾಯುವವರ ಪಕ್ಕ ಕೂರುತ್ತಾಳೆ, ಹೇಳದೆ ಉಳಿದದ್ದನ್ನು ಕೇಳಿಸಿಕೊಳ್ಳುತ್ತಾಳೆ, ಮನೆಯವರಿಗೆ ಮುಂದೇನಾಗಬಹುದೆಂದು ತಿಳಿಸುತ್ತಾಳೆ. ನಮ್ಮ ನಗರಕ್ಕೂ ಇದು ದೂರದ ಮಾತಲ್ಲ. ಬೆಂಗಳೂರಿನಲ್ಲಿ 1994ರಲ್ಲಿ ಟ್ರಸ್ಟ್ ಆಗಿ ಹುಟ್ಟಿ, 1999ರಿಂದ ಸ್ವಂತ ಕಟ್ಟಡದಲ್ಲಿ ನಡೆಯುತ್ತಿರುವ ಕರುಣಾಶ್ರಯ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಆದರೆ ನನಗೆ ಈ ಹುಡುಕಾಟದ ಹಳೆಯ ಜಾಡು ಕಾಣುವುದು ಹೊಸನಗರ ತಾಲ್ಲೂಕಿನ ಹುಂಚದಲ್ಲಿ.

ಸಾಂತರರ ರಾಜಧಾನಿಯಾಗಿದ್ದ ಹುಂಚದಲ್ಲಿ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಇದೆ. ಜೈನರ ಉಪವಾಸದ ವ್ರತವಾದ ಸಲ್ಲೇಖನದಿಂದ ದೇಹ ಬಿಟ್ಟವರ ನಿಷಿಧಿಗಲ್ಲುಗಳಿವೆ. ಸಲ್ಲೇಖನದ ಮೇಲೆ ಬಹಳ ವಾದ ನಡೆದಿದೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧ ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆ ವಾದ ಇಲ್ಲಿ ಬೇಡ. ವ್ರತವೆಂದು ಆರಿಸಿಕೊಂಡ ಸಾವು ಬೇರೆ, ಕ್ಯಾನ್ಸರ್ ತಂದ ಸಾವು ಬೇರೆ. ನನ್ನ ಕುತೂಹಲ ಪಕ್ಕದಲ್ಲಿ ಕೂತವರ ಬಗ್ಗೆ.

‘ವಡ್ಡಾರಾಧನೆ’ಯ ಕಥೆಗಳಿಗೆ ಬೇರಾದ ಪ್ರಾಕೃತ ಗ್ರಂಥ ‘ಭಗವತೀ ಆರಾಧನಾ’ ಇವರನ್ನು ನಿರ್ಯಾಪಕರು ಎನ್ನುತ್ತದೆ. ಎಷ್ಟು ಜನ? ನಲವತ್ತೆಂಟು. ನಾಲ್ಕು ನಾಲ್ಕು ಜನರಂತೆ ಕೆಲಸ ಹಂಚಿದೆ: ಮೈ ಹೊರಳಿಸಿ ಎಬ್ಬಿಸಿ ಕೂರಿಸುವವರು, ಧರ್ಮಕಥೆ ಹೇಳುವವರು, ಆಹಾರ ತರುವವರು, ಪಾನೀಯ ತರುವವರು, ಮಲಮೂತ್ರ ತೆಗೆಯುವವರು, ರಾತ್ರಿ ಎಚ್ಚರ ಕೂರುವವರು, ಬಾಗಿಲು ಕಾಯುವವರು. ಹೊರಗೆ ಬಂದವರ ಜೊತೆ ಮಾತಾಡಿ ಅವರನ್ನು ಅಲ್ಲಿಯೇ ನಿಲ್ಲಿಸಿಕೊಳ್ಳುವುದಕ್ಕೂ ಜನರಿದ್ದಾರೆ! ರೋಗಿ ಇರುವ ಮನೆಯಲ್ಲಿ ನಾಲ್ಕು ದಿನ ಕಳೆದವರಿಗೆ ಈ ಕೊನೆಯ ಹುದ್ದೆಯ ಬೆಲೆ ಗೊತ್ತು. ಕಾಲ ಕೆಟ್ಟಂತೆ ಸಂಖ್ಯೆ ಇಳಿಯಬಹುದು, ಆದರೆ ಎರಡಕ್ಕಿಂತ ಕೆಳಗೆ ಇಳಿಯಕೂಡದು. ಒಬ್ಬನೇ ಇದ್ದರೆ ಊಟ ನಿದ್ದೆ ಬಿಟ್ಟು ತಾನು ಕೆಡುತ್ತಾನೆ, ಇಲ್ಲವೇ ತನ್ನ ಊಟ ನಿದ್ದೆಗೆ ಎದ್ದುಹೋಗಿ ಸಾಯುವವನನ್ನು ಕೆಡಿಸುತ್ತಾನೆ.

ವಿರಾಗಿಗಳಿಗಾಗಿ ಬರೆದ ಗ್ರಂಥ ಉಪಚಾರ ಮಾಡುವವರ ನಿದ್ದೆಯನ್ನು ಲೆಕ್ಕಕ್ಕೆ ಹಿಡಿದಿದೆ. ನಾವು ಆ ಲೆಕ್ಕವನ್ನೇ ಬಿಟ್ಟು, ‘ಆ ಸೊಸೆ ಒಬ್ಬಳೇ ಎಷ್ಟು ಚೆನ್ನಾಗಿ ನೋಡಿಕೊಂಡಳು’ ಎಂದು ಹೊಗಳುತ್ತೇವೆ. ಆ ಹೊಗಳಿಕೆ ಉಳಿದವರನ್ನೆಲ್ಲ ಬಿಡುಗಡೆ ಮಾಡುತ್ತದೆ.

ಸಾಗರ ತಾಲ್ಲೂಕಿನ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ನಾರಾಯಣಮೂರ್ತಿ ವೈದ್ಯರ ಮನೆ ಮುಂದೆ ದೇಶದ ನಾನಾ ಕಡೆಯಿಂದ ಬಂದವರು ಕ್ಯಾನ್ಸರ್‌ಗೆ ಕೊಡುವ ತೊಗಟೆಯ ಮದ್ದಿಗಾಗಿ ಸಾಲುಗಟ್ಟುತ್ತಿದ್ದರು. ಆ ತೊಗಟೆ ಗುಣಮಾಡುತ್ತದೆಯೇ ಎಂಬುದು ವಿಜ್ಞಾನ ತೀರ್ಮಾನಿಸಬೇಕಾದ ಮಾತು. ನಾನು ಯೋಚಿಸುವುದು, ‘ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂಬ ಆಸ್ಪತ್ರೆಯ ಮಾತಿನ ನಂತರ ಉಳಿಯುವ ದಿನಗಳ ಬಗ್ಗೆ. ನೋವಿಗೆ ಮಾರ್ಫಿನ್, ಹಾಸಿಗೆ ಹುಣ್ಣಿಗೆ ಡ್ರೆಸ್ಸಿಂಗ್, ಭಯಕ್ಕೆ ಮಾತು: ಮಾಡುವಂಥದ್ದು ಆಗಲೇ ಹೆಚ್ಚು.

ಪಕ್ಕದ ಕೇರಳ ಇದನ್ನು ಊರಿನ ಕೆಲಸ ಮಾಡಿಕೊಂಡಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಒಂದು ಸೊಸೈಟಿ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಬೆಳೆಯಿತು; 2008ರಲ್ಲಿ ಸರ್ಕಾರದ ನೀತಿಯೇ ಬಂತು, ಪಂಚಾಯಿತಿಗಳ ಮೂಲಕ ನರ್ಸ್‌ಗಳು ಮನೆಬಾಗಿಲಿಗೆ ಹೋಗತೊಡಗಿದರು. ಕರ್ನಾಟಕ 2025ರ ಜನವರಿಯಲ್ಲಿ, ಗುಣವಾಗದ ರೋಗಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಕ್ರಮದ ಬಗ್ಗೆ ಸುತ್ತೋಲೆ ಹೊರಡಿಸಿತು. ತನ್ನ ಇಚ್ಛೆಯನ್ನು ಮೊದಲೇ ಬರೆದಿಡುವವರು, ಮುಂದೆ ತಮಗೆ ಪ್ರಜ್ಞೆ ಇಲ್ಲದಾಗ ತಮ್ಮ ಪರವಾಗಿ ತೀರ್ಮಾನಿಸಲು ಕನಿಷ್ಠ ಇಬ್ಬರನ್ನು ಹೆಸರಿಸಬೇಕು ಎನ್ನುತ್ತದೆ ಅದು. ಇಲ್ಲೂ ಇಬ್ಬರು. ಆದರೆ ಕಾನೂನಿನ ಇಬ್ಬರು ಸಹಿ ಹಾಕುವವರು. ಮೈ ಹೊರಳಿಸುವ ಇಬ್ಬರು ಇನ್ನೂ ಬೇಕು.

ಅಡಿಕೆ ಕೆಲಸಕ್ಕೆ, ನಟ್ಟಿಗೆ ಮುಯ್ಯಾಳು ಹೋಗುವುದು ಇಲ್ಲಿ ಪೂರ್ತಿ ಮರೆತುಹೋಗಿಲ್ಲ. ರಾತ್ರಿ ಕೂರಲು ಮುಯ್ಯಾಳು ಏಕಾಗಬಾರದು? ತೊಡಕಿದೆ. ಮುಯ್ಯಿ ತೀರಿಸಬೇಕಾದವನೇ ಹೋಗಿಬಿಡುತ್ತಾನೆ. ತೀರಿಸಿದರೆ ಅವನ ಮಕ್ಕಳು, ಇನ್ನಾರದೋ ಅಪ್ಪನ ಹಾಸಿಗೆಯ ಪಕ್ಕ ತೀರಿಸಬೇಕು. ಅದಕ್ಕಿಂತ ದೊಡ್ಡ ತೊಡಕು ಹೊಸ್ತಿಲಿನದು. ಎಲ್ಲಿಂದಲೋ ಬಂದ ಹೋಂ ನರ್ಸ್‌ನ ಜಾತಿ ಕೇಳದೆ ಒಳಗೆ ಬಿಟ್ಟುಕೊಂಡ ಮನೆಗಳಲ್ಲೇ, ಮೂವತ್ತು ವರ್ಷ ತೋಟದಲ್ಲಿ ದುಡಿದ ಆಳು ಯಜಮಾನರನ್ನು ನೋಡಲು ಬಂದರೆ ಜಗಲಿಯಲ್ಲಿ ಕೂತು ಚಾ ಕುಡಿದು ಹೋಗುತ್ತಾನೆ. ಯಜಮಾನರ ಮೈಯ ಭಾರ, ಅವರ ಸಿಟ್ಟು, ಅವರು ಯಾವ ಮಾತಿಗೆ ನಗುತ್ತಾರೆ ಎಂಬುದೆಲ್ಲ ಅವನಿಗೆ ನರ್ಸಿಗಿಂತ ಚೆನ್ನಾಗಿ ಗೊತ್ತು. ಎರಡನೆಯವನು ಬೇಕೆಂದು ನಾವು ಹುಡುಕುತ್ತಿರುವುದು ಊರಿನ ಹೊರಗೆ.