ಕೊನೆಯಲ್ಲಿ ಉಣ್ಣುವವರು

ಮೀನುಸಾರು ಮಾಡಿದ ದಿನ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಉತ್ತರ ಹುಡುಕಲು ಹೊರಟರೆ ನಮ್ಮ ಮನೆಯ ನ್ಯಾಯ ಅನ್ಯಾಯಗಳೆಲ್ಲ ಒಲೆಯ ಮುಂದೆ ಬಂದು ನಿಲ್ಲುತ್ತವೆ.

ನಾನು ಬೆಳೆದದ್ದು ಶ್ರೀರಂಗಪಟ್ಟಣದ ಸೀಮೆಯಲ್ಲಿ. ನಾಗಮಂಗಲದ ಕಡೆಯಿಂದ ಬರುವ ಲೋಕಪಾವನಿ ಪಾಂಡವಪುರದ ನೆಲವನ್ನು ಹಾದು ಇಲ್ಲಿ ಕಾವೇರಿಯನ್ನು ಸೇರುತ್ತದೆ. ಕೃಷ್ಣರಾಜಪೇಟೆಯ ಹೇಮಾವತಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಒಂದಾಗುತ್ತದೆ. 1911ರಲ್ಲಿ ಕೆಲಸ ಆರಂಭವಾದ ಆ ಅಣೆಕಟ್ಟಿನ ನಾಲೆಗಳು ಬಂದ ಮೇಲೆ ಎಷ್ಟೋ ರಾಗಿಯ ಹೊಲಗಳು ಭತ್ತದ ಗದ್ದೆಗಳಾದವು. ನಾಲೆ ತಲುಪದ ಒಣಭೂಮಿಯಲ್ಲಿ ಅನ್ನವು ಬಹುಕಾಲ ಹಬ್ಬದ ಊಟವಾಗಿಯೇ ಉಳಿಯಿತು. ಇಂದಿಗೂ ನಮ್ಮಲ್ಲಿ ಮೀನುಸಾರಿಗೆ ಮೊದಲು ಮುದ್ದೆ, ಆಮೇಲೆ ಅನ್ನ. ಕೆರೆಗಳಲ್ಲಿ ಬಿಟ್ಟು ಬೆಳೆಸುವ ಕಾಟ್ಲಾ, ರೋಹುಗಳು ಮೂಲತಃ ಗಂಗೆಯ ಸೀಮೆಯವು. ಆದರೂ ನಮ್ಮ ಹುಣಿಸೆಹಣ್ಣಿಗೂ ಮೆಣಸಿನಕಾಯಿಗೂ ಚೆನ್ನಾಗಿ ಒಗ್ಗಿಕೊಂಡಿವೆ.

ಗುರುಮಠದಿಂದ ರಜೆಗೆ ಬಂದಿದ್ದಾಗ ಒಮ್ಮೆ ಅವ್ವನಿಗೆ ಜ್ವರ. ಸಾರು ಮಾಡುವ ಹೊಣೆ ನನ್ನ ಪಾಲಿಗೆ ಬಂತು. ಮಲಗಿದಲ್ಲಿಂದಲೇ ಅವಳು ಹೇಳುತ್ತಿದ್ದಳು. ಬೂದಿ ಹಚ್ಚಿ ಹುರುಪೆ ಉಜ್ಜಬೇಕು. ಪಿತ್ತ ಒಡೆಯದಂತೆ ಒಳಭಾಗ ತೆಗೆಯಬೇಕು, ಒಡೆದರೆ ಸಾರೆಲ್ಲ ಕಹಿ. ಉಪ್ಪು, ಅರಿಸಿನ ಹಚ್ಚಿ ನಾಲ್ಕಾರು ನೀರಿನಲ್ಲಿ ತೊಳೆಯಬೇಕು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಮೆಣಸಿನಕಾಯಿ, ತೆಂಗಿನಕಾಯಿಗಳನ್ನು ಒರಳಿನಲ್ಲಿ ನುಣ್ಣಗೆ ರುಬ್ಬಬೇಕು. ಹುಣಿಸೆ ರಸದೊಡನೆ ಮಸಾಲೆ ಕುದಿದ ಮೇಲೆಯೇ ತುಂಡುಗಳನ್ನು ಬಿಡಬೇಕು. ಆಮೇಲೆ ಸೌಟು ಆಡಿಸಿದರೆ ಮೀನು ಒಡೆಯುತ್ತದೆ. ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ಅಲುಗಿಸಬೇಕು.

ಎಲ್ಲರಿಗೂ ಬಡಿಸಿ ನಾನು ಕೂರುವಷ್ಟರಲ್ಲಿ ಸಾರು ಆರಿತ್ತು. ಬಾಲದ ತುಂಡೊಂದು ಉಳಿದಿತ್ತು. ಆಗ ಹೊಳೆಯಿತು: ಅಷ್ಟು ವರ್ಷಗಳಲ್ಲಿ ಅವ್ವ ಬಿಸಿ ಮೀನುಸಾರು ಉಂಡದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ! "ಮೀನುಸಾರು ಮಾರನೆಯ ದಿನವೇ ರುಚಿ" ಎನ್ನುತ್ತಿದ್ದಳು. ಮಾತು ಸುಳ್ಳಲ್ಲ, ಹುಳಿ, ಖಾರ ತುಂಡಿಗೆ ಇಳಿಯಲು ಒಂದು ರಾತ್ರಿ ಬೇಕು. ಆದರೆ ಆ ನಿಜವನ್ನು ನಾವು ನಮ್ಮ ಅನುಕೂಲಕ್ಕೆ ಬಳಸಿಕೊಂಡಿದ್ದೆವು.

ಕೊನೆಯಲ್ಲಿ ಉಣ್ಣುವುದು ತ್ಯಾಗವಲ್ಲವೇ, ಅದನ್ನೇಕೆ ಪ್ರಶ್ನಿಸಬೇಕು ಎಂದು ನೀವು ಕೇಳಬಹುದು. ತ್ಯಾಗವು ಇಚ್ಛೆಯಿಂದ ಹುಟ್ಟುತ್ತದೆ. ಮೊದಲು ಕುಳಿತು ಉಣ್ಣುವ ಸ್ವಾತಂತ್ರ್ಯವಿದ್ದೂ ಕೊನೆಗೆ ಉಂಡರೆ ಅದು ಪ್ರೀತಿ. ಆ ಸ್ವಾತಂತ್ರ್ಯವೇ ಇಲ್ಲದಿದ್ದರೆ ಅದು ಬರಿಯ ಕಟ್ಟಳೆ. ಹೊರನೋಟಕ್ಕೆ ಎರಡೂ ಒಂದೇ. ಅವ್ವ ಸಂತೋಷದಿಂದಲೇ ಬಡಿಸುತ್ತಿದ್ದಳು, ಅವಳ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಕೊಡುವವರ ಪ್ರೀತಿ ನಿಜವಾದ ಮಾತ್ರಕ್ಕೆ ಪಡೆಯುವವರ ನಡತೆ ನ್ಯಾಯವಾಗುವುದಿಲ್ಲ. ಅವರು ಕೇಳಲಿಲ್ಲವೆಂಬುದು ನಾವು ಕೇಳದಿರುವುದಕ್ಕೆ ನೆಪವಾಗಬಾರದು.

ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯವನ್ನು ನೆನೆಯಿರಿ. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟುಕೊಂಡು, ರಾತ್ರಿಯಿಡೀ ದುಡಿದು ಬಂದ ಶಿಷ್ಯರನ್ನು ಊಟಕ್ಕೆ ಕರೆಯುತ್ತಾರೆ. ತನ್ನನ್ನು ಅರಿಯೆನೆಂದ ಪೇತ್ರನಿಗೂ ಅಲ್ಲಿ ಪಾಲುಂಟು. ಒಡೆಯನೇ ಒಲೆಯ ಮುಂದೆ ಕುಳಿತಿರುವಾಗ ಅಡುಗೆಯನ್ನು ಕೀಳು ಕೆಲಸವೆನ್ನಲು, ಅದು ಹೆಣ್ಣಿಗಷ್ಟೇ ಸೇರಿದ್ದೆನ್ನಲು ನಾವು ಯಾರು?

ಇದನ್ನು ಬರೆಯುವಾಗ ನನಗೂ ನಾಚಿಕೆಯಾಗುತ್ತದೆ. ಗುರುನಿವಾಸದಲ್ಲಿ ಬೇರೊಬ್ಬರು ಬೇಯಿಸಿದ್ದನ್ನು ಉಣ್ಣುವವನು ನಾನು. ಅವರು ಉಂಡರೇ ಎಂದು ವಿಚಾರಿಸದೆ ಕೈತೊಳೆದ ದಿನಗಳು ಎಷ್ಟೋ ಇವೆ.

ಮುಂದಿನ ರಜೆಯಲ್ಲಿ ಬಡಿಸಲು ನಾನೇ ನಿಂತೆ. ಸಂಕೋಚದಿಂದ ಅವ್ವ ಎರಡು ಬಾರಿ ಎದ್ದಳು. ಮೂರನೆಯ ಬಾರಿ ಕುಳಿತಳು. ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಒಂದು ತುತ್ತು ನುಂಗಿ ಹೇಳಿದಳು: "ಉಪ್ಪು ಸ್ವಲ್ಪ ಕಮ್ಮಿ ಆಯ್ತು ಕಣಪ್ಪ."

ಬರುವ ಭಾನುವಾರ ನೀವೂ ಸೌಟು ಹಿಡಿದು ನೋಡಿ.