ಇಂದಿನ ಧಮ್ಮ ಚಿಂತನೆ: ಹೊಸ ಬೆಲ್ಟ್, ಹಳೆಯ ಪುಲ್ಲಿ



ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕೀಂಯ್ ಎಂಬ ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ಗಾಡಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಇದನ್ನು ಕೇಳಿರುತ್ತೀರಿ. ಬಹುಪಾಲು ಅದು ಎಂಜಿನ್ನಿನ ಡ್ರೈವ್ ಬೆಲ್ಟ್, ನಮ್ಮ ಮಾತಿನಲ್ಲಿ ಫ್ಯಾನ್ ಬೆಲ್ಟ್, ಜಾರುವ ಸದ್ದು. ಸದ್ದು ನಿಂತಿತಲ್ಲ ಎಂದು ಮರೆತು ಕೆಲಸಕ್ಕೆ ಹೊರಡುತ್ತೇವೆ. ಒಳಗೆ ಸವೆತ ಮಾತ್ರ ಮುಂದುವರಿದಿರುತ್ತದೆ.

ಆ ಒಂದು ರಬ್ಬರ್ ಪಟ್ಟಿ ಎಂಜಿನ್ನಿನ ಶಕ್ತಿಯನ್ನು ಆಲ್ಟರ್ನೇಟರಿಗೆ, ಎಸಿ ಕಂಪ್ರೆಸರಿಗೆ, ಬಹಳಷ್ಟು ಗಾಡಿಗಳಲ್ಲಿ ನೀರಿನ ಪಂಪಿಗೂ ಮುಟ್ಟಿಸುತ್ತದೆ. ಅದು ತುಂಡಾದರೆ ಬ್ಯಾಟರಿ ದೀಪ ಹೊತ್ತಿಕೊಳ್ಳುತ್ತದೆ. ನೀರಿನ ಪಂಪ್ ನಿಂತು, ಕಾದ ಎಂಜಿನ್ನನ್ನು ಹಾಗೆಯೇ ಓಡಿಸಿದರೆ ಸಿಲಿಂಡರ್ ಹೆಡ್ಡೇ ಬಾಗಬಹುದು. ಸಾಲದ ಕಂತು ಕಟ್ಟುತ್ತ ಟ್ಯಾಕ್ಸಿ ಓಡಿಸುವವರ ಮನೆಯಲ್ಲಿ ಇದು ಅನ್ನದ ಪ್ರಶ್ನೆ.

ಸದ್ದು ಕೇಳಿದವರು ಏನು ಮಾಡುತ್ತಾರೆ? ಕೆಲವರು ಬೆಲ್ಟಿಗೆ ಸೋಪು ಸವರುತ್ತಾರೆ. ಎರಡು ದಿನ ಸದ್ದಿರುವುದಿಲ್ಲ. ಇನ್ನು ಕೆಲವರು ಗಾಡಿಗೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾರೆ. ಹಿಂದಿನ ಗಾಜಿನ ಮೇಲೆ ಜೈ ಭೀಮ್, ಮುಂದಿನ ಬಂಪರಿನಲ್ಲಿ ನಿಂಬೆಹಣ್ಣು ಇರುವ ಗಾಡಿಗಳು ನಮ್ಮ ಬೀದಿಗಳಲ್ಲೂ ಇವೆ. ಅವರನ್ನು ನೋಡಿ ನಗುವುದು ಬೇಡ. ಅದರ ಹಿಂದೆ ಇರುವುದು ಭಯ. ಆದರೆ ಭಯಕ್ಕೆ ಔಷಧಿ ಕಾರಣವನ್ನು ತಿಳಿಯುವುದು. ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ, ಕಾರಣ ಹೋದರೆ ಫಲವೂ ಹೋಗುತ್ತದೆ ಎಂಬುದೇ ಭಗವಾನ್ ಬುದ್ಧರು ಕೊಟ್ಟ ದೃಷ್ಟಿ.

ಹಾಗಾದರೆ ಬಾನೆಟ್ ಎತ್ತೋಣ. ಕೈಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡರೆ ಅನೇಕ ಗಾಡಿಗಳಲ್ಲಿ ಇದು ಮನೆ ಮುಂದೆಯೇ ಮಾಡಬಹುದಾದ ಕೆಲಸ. ಎಂಜಿನ್ ಆರಿಸಿ ತಣ್ಣಗಾಗಲು ಬಿಡಿ. ಹ್ಯಾಂಡ್ ಬ್ರೇಕ್ ಎಳೆದು, ಕೀಲಿ ಜೇಬಿಗೆ ಹಾಕಿಕೊಂಡು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಬೆಲ್ಟ್ ಯಾವ ಪುಲ್ಲಿಯನ್ನು ಹೇಗೆ ಸುತ್ತಿಕೊಂಡು ಹೋಗಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸ್ಪ್ಯಾನರಿನಿಂದ ಟೆನ್ಷನರ್ ತಿರುಗಿಸಿ ಬಿಗಿ ಸಡಿಲಿಸಿದರೆ ಬೆಲ್ಟ್ ಹೊರಬರುತ್ತದೆ. ಟೆನ್ಷನರ್ ಇಲ್ಲದ ಎಷ್ಟೋ ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಬೇಕು. ಹೊಸದನ್ನು ತರುವಾಗ ಹಳೆಯದರ ಬೆನ್ನಿನ ಮೇಲಿನ ಸಂಖ್ಯೆ ನೋಡಿ. 4ಪಿಕೆ850 ಎಂದಿದ್ದರೆ 4 ಏಣು, 850 ಮಿ.ಮೀ. ಉದ್ದ ಎಂದರ್ಥ. ಟೈಮಿಂಗ್ ಬೆಲ್ಟ್ ಬೇರೆ, ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ಹಳೆಯ ಬೆಲ್ಟ್ ಹೊರಬಂದ ಆ ಗಳಿಗೆಯೇ ಮುಖ್ಯವಾದದ್ದು. ಅವಸರದವರು ಕೂಡಲೇ ಹೊಸದನ್ನು ಏರಿಸಿಬಿಡುತ್ತಾರೆ. ತಿಳಿದವರು ಟೆನ್ಷನರ್, ಆಲ್ಟರ್ನೇಟರ್ ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡುತ್ತಾರೆ. ಬೇರಿಂಗ್ ಗರಗರ ಎನ್ನುತ್ತಿದೆಯೇ? ಪುಲ್ಲಿ ಅಲ್ಲಾಡುತ್ತಿದೆಯೇ? ಎಲ್ಲವೂ ಒಂದೇ ಸಾಲಿನಲ್ಲಿವೆಯೇ? ಮೇಲಿನಿಂದ ಆಯಿಲ್ ತೊಟ್ಟಿಕ್ಕುತ್ತಿದೆಯೇ? ಇವನ್ನು ಸರಿಪಡಿಸದೆ ಹೊಸ ಬೆಲ್ಟ್ ಹಾಕಿದರೆ ಕೆಲವು ದಿನ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆಮೇಲೆ ಸೊಟ್ಟ ಪುಲ್ಲಿ ಹಳೆಯ ಬೆಲ್ಟನ್ನು ತಿಂದಂತೆಯೇ ಹೊಸದನ್ನೂ ತಿನ್ನುತ್ತದೆ.

ಅಂಗುತ್ತರ ನಿಕಾಯದ ರಥಕಾರ ಸುತ್ತದಲ್ಲಿ ಬುದ್ಧರು ಒಬ್ಬ ರಥ ಮಾಡುವವನ ಕಥೆ ಹೇಳುತ್ತಾರೆ. ಆರು ತಿಂಗಳಲ್ಲಿ ಎರಡು ಚಕ್ರ ಬೇಕೆಂದು ಪಚೇತನ ರಾಜ ಅವನಿಗೆ ಆಜ್ಞೆ ಮಾಡಿದ. ಗಡುವಿಗೆ ಆರು ದಿನ ಉಳಿದಾಗ ಮುಗಿದಿದ್ದದ್ದು ಒಂದೇ ಚಕ್ರ. ಇನ್ನೊಂದನ್ನು ಆ ಆರು ದಿನದಲ್ಲಿ ಮುಗಿಸಿದ. ರಾಜನ ಕಣ್ಣಿಗೆ ಎರಡೂ ಒಂದೇ. ಉರುಳಿಸಿದಾಗ, ಆರು ದಿನದ ಚಕ್ರ ತಳ್ಳಿದ ರಭಸ ಇರುವಷ್ಟು ದೂರ ಓಡಿ ನೆಲಕ್ಕೆ ಬಿತ್ತು. ಮತ್ತೊಂದು ರಭಸ ಮುಗಿದ ಮೇಲೂ ಬೀಳದೆ ನೆಟ್ಟಗೆ ನಿಂತಿತು. ಬಿದ್ದ ಚಕ್ರದ ಮರದಲ್ಲಿ ಸೊಟ್ಟ ಉಳಿದಿತ್ತು. ಮರದ ಸೊಟ್ಟವನ್ನು ತೆಗೆಯುವಂತೆ ಕಾಯದ, ಮಾತಿನ, ಮನಸ್ಸಿನ ಸೊಟ್ಟವನ್ನು ತೆಗೆಯಿರಿ ಎಂದು ಬುದ್ಧರು ಭಿಕ್ಖುಗಳಿಗೆ ಕಲಿಸಿದರು.

ಬಂಧುಗಳೇ, ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ. ನಡುವೆ 21 ವರ್ಷ. ಅಷ್ಟು ಕಾಲ ಓದಿದರು, ಬೇರೆ ಬೇರೆ ಧರ್ಮಗಳನ್ನು ಒರೆಗೆ ಹಚ್ಚಿ ನೋಡಿದರು. ದೀಕ್ಷೆಯ ದಿನ ಹೆಸರನ್ನಷ್ಟೇ ಬದಲಿಸಿ ಮನೆಗೆ ಹೋಗಿ ಎನ್ನಲಿಲ್ಲ, 22 ಪ್ರತಿಜ್ಞೆಗಳನ್ನು ಕೊಟ್ಟರು. ಬೆಲ್ಟಿನ ಜೊತೆಗೆ ಪುಲ್ಲಿಗಳನ್ನೂ ನೋಡಿ ಎಂದಂತೆ.

ನಮ್ಮ ಮನೆಗಳ ಪುಲ್ಲಿ ಹೇಗಿದೆ? ಮಗುವಿಗೆ ಸಿದ್ಧಾರ್ಥ ಎಂದು ಹೆಸರಿಟ್ಟೆವು. ಅದೇ ಮಗುವಿನ ಮದುವೆಗೆ ಜಾತಕ ತೆಗೆಯುತ್ತೇವೆಯೇ? ಸಂಬಂಧ ಬಂದಾಗ ಎಡಗೈಯೋ ಬಲಗೈಯೋ ಎಂದು ಮೆಲ್ಲಗೆ ವಿಚಾರಿಸುತ್ತೇವೆಯೇ? ಸಭೆಯಲ್ಲಿ ಸಮತೆ ಎಂದು ಮಾತಾಡಿ ಬಂದವರ ಮನೆಯಲ್ಲಿ ಹೆಂಗಸರು ಇನ್ನೂ ಕೊನೆಗೇ ಉಣ್ಣುತ್ತಿದ್ದಾರೆಯೇ? ದೀಕ್ಷೆಯ ಉತ್ಸಾಹ ಒಂದಷ್ಟು ದೂರ ಓಡಿಸುತ್ತದೆ. ಆ ರಭಸ ಮುಗಿದ ಮೇಲೂ ನಿಲ್ಲಬೇಕಾದರೆ ಈ ಸೊಟ್ಟಗಳು ಹೋಗಬೇಕು. ಇಲ್ಲದಿದ್ದರೆ ನಮ್ಮ ಮಕ್ಕಳ ಕೈಗೆ ಸಿಗುವುದು ಮತ್ತೆ ಸವೆದ ಬೆಲ್ಟೇ.

ಇಂದಿನ ಅಭ್ಯಾಸ: ಸಂಜೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬಾನೆಟ್ ಎತ್ತಿ. ಬೆಲ್ಟಿನಲ್ಲಿ ಬಿರುಕು, ಹೊಳಪು, ಬಿಟ್ಟುಕೊಂಡ ನೂಲು ಇದೆಯೇ ನೋಡಿ. ಮಗಳನ್ನೂ ಕರೆಯಿರಿ, ಬರೀ ಟಾರ್ಚ್ ಹಿಡಿಯಲು ಅಲ್ಲ, ಸ್ಪ್ಯಾನರ್ ಹಿಡಿಯಲು. ಕೈಗೆ ಅಂಟಿದ ಗ್ರೀಸು ಮೈಲಿಗೆಯಲ್ಲ, ತೊಳೆದರೆ ಹೋಗುತ್ತದೆ. ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತು, ನಮ್ಮ ಮನೆಯಲ್ಲಿ ಉಳಿದಿರುವ ಒಂದು ಸೊಟ್ಟ ಯಾವುದು ಎಂದು ಕೇಳಿಕೊಳ್ಳಿ. ಒಂದೇ ಸಾಕು. ಅದನ್ನು ಈ ತಿಂಗಳು ಸರಿಪಡಿಸೋಣ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.